ನನ್ನ ಮಗಳ ನಿದ್ದೆಯೂ ಪಠ್ಯಕ್ರಮದ ಒಳಗೇ ಇದೆ

ಪರೀಕ್ಷಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಮಗಳಿಗೂ ನನ್ನ ವಿದ್ಯಾಭ್ಯಾಸಕ್ಕೂ ಯಾವ ಸಂಬಂಧವೂ ಇಲ್ಲ ಎಂದು ತಾವು ಕೆಂಪು ಶಾಯಿಯಲ್ಲಿ ತೀರ್ಪು ಕೊಟ್ಟಿದ್ದೀರಿ. ತೀರ್ಪನ್ನು ಮಗಳಿಗೆ ಓದಿ ಹೇಳಿದೆ. ಅವಳು ಒಪ್ಪಲಿಲ್ಲ. ನಾನು ಪುಸ್ತಕ ಬಿಡಿಸಿದ ಕೂಡಲೇ ತೆವಳಿಕೊಂಡು ಬಂದು ಅದರ ಮೇಲೆಯೇ ಕೂತು ತನ್ನ ಆಕ್ಷೇಪಣೆಯನ್ನು ದಾಖಲಿಸಿದಳು. ಅವಳಿಗೆ ಇನ್ನೂ ಬರೆಯಲು ಬರುವುದಿಲ್ಲವಾದ್ದರಿಂದ ಈ ಪತ್ರವನ್ನು ನಾನು ಬರೆಯುತ್ತಿದ್ದೇನೆ.

ದಿನಕ್ಕೆ ನೂರಾರು ಕಡತ ನೋಡುವ ತಮಗೆ ನನ್ನದು ಮರೆತಿರಬಹುದು. ನಮ್ಮ ಸಂಜೆ ಕಾಲೇಜಿನ ಮನಶ್ಶಾಸ್ತ್ರ ತರಗತಿಯವರು ಕೊನೆಯ ವರ್ಷದಲ್ಲಿ ಒಂದು ಕಿರು ಪ್ರಬಂಧ ಒಪ್ಪಿಸಬೇಕು: ‘ಮನಶ್ಶಾಸ್ತ್ರದ ಒಂದು ಮೂಲ ಪರಿಕಲ್ಪನೆಯನ್ನು ವಿದ್ಯಾರ್ಥಿಯ ದೈನಂದಿನ ಜೀವನಕ್ಕೆ ಅನ್ವಯಿಸಿ ಬರೆಯಿರಿ.’ ಅದು ಅಂಗೀಕಾರವಾಗದೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ಹೆರಿಗೆಗೆಂದು ಒಂದು ವರ್ಷ ಬಿಟ್ಟು ಮರಳಿ ಬಂದ ನನ್ನಂಥವರಿಗಂತೂ ಈ ಸಲ ತಪ್ಪಿದರೆ ದಾಖಲಾತಿಯೇ ರದ್ದು. ಬರೆದೆ. ಒಪ್ಪಿಸಿದೆ. ಹಿಂದಿರುಗಿ ಬಂತು. ತಮ್ಮ ಷರಾ ಹೀಗಿದೆ: ‘ಗೃಹಕೃತ್ಯದ ವಿಷಯ. ವಿದ್ಯಾರ್ಥಿ ಜೀವನಕ್ಕೆ ಸಂಬಂಧಿಸಿಲ್ಲ. ಬೇರೆ ಬರೆಯಿರಿ.’ ಬೇರೆ ಬರೆಯಬಹುದು ಸ್ವಾಮಿ, ಬೇರೆ ಬದುಕನ್ನು ಎಲ್ಲಿಂದ ತರಲಿ?

ತಮ್ಮ ಕಚೇರಿ ಮಾದರಿಯಾಗಿ ಸೂಚಿಸಿದ್ದ ವಿಷಯಗಳನ್ನು ಮತ್ತೊಮ್ಮೆ ಓದಿದೆ. ಹಾಸ್ಟೆಲ್, ಆಟದ ಮೈದಾನ, ಸ್ನೇಹಿತರ ಬಳಗ, ಕ್ಯಾಂಟೀನು. ನಮ್ಮದು ಸಂಜೆ ಕಾಲೇಜು. ಇಲ್ಲಿ ಹಾಸ್ಟೆಲ್ ಇಲ್ಲ. ಮೈದಾನ ಇದೆ, ಆದರೆ ನಾವು ಬರುವಷ್ಟರಲ್ಲಿ ಅದರ ಗೇಟಿಗೆ ಬೀಗ ಬಿದ್ದಿರುತ್ತದೆ. ನನ್ನ ಬೆಂಚಿನಲ್ಲಿ ಒಬ್ಬ ನರ್ಸ್, ಒಬ್ಬ ಬಸ್ ಕಂಡಕ್ಟರ್ ಮತ್ತು ಮೊಮ್ಮಗನಿರುವ ಒಬ್ಬ ಟೈಲರ್ ಕೂರುತ್ತಾರೆ. ಹಾಗಿದ್ದರೂ ‘ವಿದ್ಯಾರ್ಥಿ’ ಎಂದ ತಕ್ಷಣ ತಮ್ಮ ಕಣ್ಣಮುಂದೆ ಬರುವುದು ಬೆನ್ನಿಗೆ ಚೀಲ, ತಲೆಯಲ್ಲಿ ಪ್ರೇಮ, ಕೈಯಲ್ಲಿ ಕ್ಯಾಂಟೀನಿನ ಲೋಟ ಇರುವ ಒಂದು ಪ್ರಾಣಿ. ಇದಕ್ಕೆ ನಮ್ಮ ಪಠ್ಯದಲ್ಲಿ ‘ರೂಢಮಾದರಿ’ ಎಂಬ ಚಂದದ ಹೆಸರಿದೆ. ಕಂಡದ್ದನ್ನು ಬಿಟ್ಟು ಕಲ್ಪಿಸಿಕೊಂಡದ್ದನ್ನು ನಂಬುವುದು ಎಂದು ವಿವರಣೆ. ಉದಾಹರಣೆ ಕೊಟ್ಟಿರಲಿಲ್ಲ. ಈಗ ಸಿಕ್ಕಿತು, ಧನ್ಯವಾದಗಳು.

ಇನ್ನೂ ಒಂದು ಮಾತು. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಕಿರಿಯ ಸಹಪಾಠಿಯೊಬ್ಬ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಅಲಾರಂ ಎಷ್ಟು ಹೊಡೆದುಕೊಂಡರೂ ತನಗೆ ಏಕೆ ಎಚ್ಚರವಾಗುವುದಿಲ್ಲ ಎಂದು ಅವನು ಪ್ರಬಂಧ ಬರೆದ. ತಾವು ‘ಉತ್ತಮ’ ಎಂದು ಬರೆದು ಅಂಗೀಕರಿಸಿದಿರಿ. ನಾನೂ ಬರೆದದ್ದು ನಿದ್ದೆಯ ಬಗ್ಗೆಯೇ. ಅವನಿಗೆ ಹೆಚ್ಚಾಗಿರುವುದು ನನಗೆ ಸಿಗುತ್ತಿಲ್ಲ, ಅಷ್ಟೇ ವ್ಯತ್ಯಾಸ. ಅತಿಯಾದರೆ ವಿದ್ಯಾರ್ಥಿ ಜೀವನ, ಇಲ್ಲದಿದ್ದರೆ ಗೃಹಕೃತ್ಯ, ಇದು ಯಾವ ಅಧ್ಯಾಯದಲ್ಲಿದೆ?

ನನ್ನ ಪ್ರಬಂಧವನ್ನು ತಾವು ಪೂರ್ತಿ ಓದಿಲ್ಲವೆಂಬ ಬಲವಾದ ಅನುಮಾನ ನನಗಿದೆ. ಮೊದಲ ಪುಟದಲ್ಲೇ ‘ಮಗು’ ಎಂಬ ಪದ ಕಂಡು ತಮ್ಮ ಪೆನ್ನು ಎದ್ದಿರಬೇಕು. ಆದ್ದರಿಂದ ಸಾರಾಂಶವನ್ನು ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರೆದುರು ಹೇಳುತ್ತೇನೆ.

ನನ್ನ ಮಗಳನ್ನು ಮನೆಯಲ್ಲಿ ದೊರೆಸಾನಿ ಎಂದು ಕರೆಯುತ್ತೇವೆ. ಅವಳು ಮಲಗುವುದು ಅವಳಿಗೆ ಮನಸ್ಸಾದಾಗ. ರಾತ್ರಿ ಅವಳು ಎದ್ದಿದ್ದರೆ ನನಗೆ ನಿದ್ದೆಯಿಲ್ಲ. ಅವಳು ಮಲಗಿದ್ದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವುದರಲ್ಲಿ ನನಗೆ ನಿದ್ದೆಯಿಲ್ಲ. ಓದಲು ಸಿಗುತ್ತಿದ್ದದ್ದು ಮಧ್ಯಾಹ್ನ ಅವಳನ್ನು ಮಲಗಿಸುವ ಹೊತ್ತು ಮಾತ್ರ. ಜೋಗುಳದ ಬದಲು ಪಠ್ಯವನ್ನೇ ರಾಗವಾಗಿ ಓದತೊಡಗಿದೆ. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ಆ ಪ್ರಸಿದ್ಧ ನಾಯಿಯ ಅಧ್ಯಾಯದ ಮೇಲೆ ನನ್ನ ಮಗಳೂ ಧಾರಾಳವಾಗಿ ಜೊಲ್ಲು ಸುರಿಸಿದ್ದರಿಂದ ಪುಸ್ತಕಕ್ಕೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಹಾಕಿದೆ. ತೆರೆದಾಗಲೆಲ್ಲ ಅದು ಪರಪರ ಎನ್ನುತ್ತಿತ್ತು. ಕೆಲವು ವಾರ ಕಳೆದ ಮೇಲೆ ನೋಡುತ್ತೇನೆ, ಪುಸ್ತಕ ತೆರೆದರೆ ಸಾಕು, ದೊರೆಸಾನಿಯ ರೆಪ್ಪೆ ಇಳಿಯುತ್ತದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಗೊರಕೆ.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. “ಬಟನ್ ಒತ್ತಿದ ಹಾಗೆ ಕೆಳಗಿಳೀತಾಳಲ್ಲೇ ಇವಳು,” ಅಂದರು. ಅತ್ತೆ ಮಾತ್ರ ಇದರ ಶ್ರೇಯಸ್ಸನ್ನು ಪುಸ್ತಕಕ್ಕೆ ಬಿಟ್ಟುಕೊಡಲು ತಯಾರಿರಲಿಲ್ಲ. ತಮ್ಮ ತೊಡೆಯ ಮೇಲೆ ಮಲಗದ ಮಗು ಈ ವಂಶದಲ್ಲೇ ಹುಟ್ಟಿಲ್ಲವಂತೆ. ಸರಿ, ಪರೀಕ್ಷಿಸಿಯೇ ಬಿಡೋಣ ಎಂದೆ. ಹೊದಿಕೆ ತೆಗೆದು ಅದೇ ರಾಗದಲ್ಲಿ ಓದಿದೆ: ಮಗಳು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಪೂರ್ತಿ ಅಧ್ಯಾಯ ಕೇಳಿದಳು. ಗಂಡ ದಿನಪತ್ರಿಕೆ ಓದಿದರು: ಮೀಸೆ ಕಿತ್ತಳು. ಅತ್ತೆ ತೊಡೆಯ ಮೇಲೆ ಹಾಕಿಕೊಂಡು ತಟ್ಟಿದರು: ಅವರೇ ತೂಕಡಿಸಿದರು. ಕೊನೆಗೆ ಒಂದಕ್ಷರವನ್ನೂ ಓದದೆ ಹೊದಿಕೆಯನ್ನು ಸುಮ್ಮನೆ ಪರಪರ ಎನ್ನಿಸಿದೆ. ಮಲಗಿಬಿಟ್ಟಳು. ಮಾನ್ಯರೇ, ಪ್ರಚೋದನೆ ಯಾವುದು, ಪ್ರತಿಕ್ರಿಯೆ ಯಾವುದು ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾವ ಪ್ರಯೋಗಾಲಯ ತೋರಿಸುತ್ತದೆ?

ಆಮೇಲೆ ಕಲಿತದ್ದು ಹರಡಿಕೊಂಡಿತು. ಒಂದು ಸದ್ದಿಗೆ ಕಲಿತ ಪ್ರತಿಕ್ರಿಯೆಯನ್ನು ಅದನ್ನು ಹೋಲುವ ಸದ್ದುಗಳಿಗೂ ತೋರಿಸುವುದಕ್ಕೆ ನಮ್ಮ ಪಠ್ಯ ‘ಸಾಮಾನ್ಯೀಕರಣ’ ಎನ್ನುತ್ತದೆ. ಅಂಗಡಿಯವನು ಪ್ಲಾಸ್ಟಿಕ್ ಚೀಲ ಬಿಡಿಸಿದರೆ ಮಗಳು ನನ್ನ ಹೆಗಲಿಗೆ ಒರಗುತ್ತಿದ್ದಳು. ಅತ್ತೆ ಬ್ರೆಡ್ಡಿನ ಪೊಟ್ಟಣ ತೆರೆದರೆ ಬಾಯಲ್ಲಿ ತುತ್ತಿಟ್ಟುಕೊಂಡೇ ತೂಕಡಿಸುತ್ತಿದ್ದಳು. ಲಸಿಕೆ ಹಾಕಿಸಲು ಹೋದಾಗ ಅಲ್ಲಿನ ನರ್ಸ್ ಸಿರಿಂಜಿನ ಕವರು ಹರಿದಳೋ ಇಲ್ಲವೋ, ದೊರೆಸಾನಿ ನಿದ್ದೆಗೆ ಜಾರಿದಳು. ಇಂಥ ಸಾಧು ಮಗುವನ್ನು ತಾನು ನೋಡೇ ಇಲ್ಲ ಎಂದು ಆ ನರ್ಸ್ ಹೊಗಳುತ್ತಲೇ ಸೂಜಿ ಚುಚ್ಚಿದಳು. ಮುಂದಿನದನ್ನು ಆ ಬೀದಿಯವರನ್ನು ಕೇಳಿದರೆ ಹೇಳುತ್ತಾರೆ.

ಇಲ್ಲಿಯವರೆಗಿನದು ಗೃಹಕೃತ್ಯ ಎಂದೇ ಇಟ್ಟುಕೊಳ್ಳೋಣ. ಪ್ರಬಂಧದ ಕೊನೆಯ ಭಾಗ ನಡೆದದ್ದು ಎಲ್ಲಿ ಗೊತ್ತೇ? ತಮ್ಮದೇ ಪರೀಕ್ಷಾ ಕೊಠಡಿಯಲ್ಲಿ.

ಮಧ್ಯಾವಧಿ ಪರೀಕ್ಷೆಯ ದಿನ ನಾನು ಚೆನ್ನಾಗಿಯೇ ಓದಿಕೊಂಡು ಹೋಗಿದ್ದೆ. ಮೇಲ್ವಿಚಾರಕರು ಒಳಗೆ ಬಂದರು. ಪ್ರಶ್ನೆಪತ್ರಿಕೆಗಳ ಕಟ್ಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಮೊಹರು ಸರಿಯಿದೆ ಎಂದು ಸಾರಿ, ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಪರಪರ ಹರಿದರು. ನನಗೆ ನೆನಪಿರುವುದು ಅಷ್ಟೇ. ಪಕ್ಕದ ಟೈಲರ್ ತಿವಿದು ಎಬ್ಬಿಸಿದಾಗ ನನ್ನ ಕೆನ್ನೆಯ ಕೆಳಗೆ ಉತ್ತರಪತ್ರಿಕೆ ಇತ್ತು, ಬೇರೆಯವರು ಎರಡನೆಯ ಪ್ರಶ್ನೆಯಲ್ಲಿದ್ದರು. “ಏನಮ್ಮಾ, ಹಾಸಿಗೆ ತರಿಸ್ಲಾ?” ಎಂದು ಮೇಲ್ವಿಚಾರಕರು ಕೇಳಿದರು. ಆಗ ಹೊಳೆಯಿತು. ಇಷ್ಟು ದಿನ ಮಗಳಿಗೆ ಪಾಠ ಕಲಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅದೇ ಸದ್ದು, ಅದೇ ಮಂಚ, ಮಧ್ಯಾಹ್ನ ಅವಳು ಮಲಗಿದ ಮೇಲೆ ನನಗೂ ಸಿಗುತ್ತಿದ್ದ ಅದೇ ಒಂದು ಜೊಂಪು. ಪಾಠವನ್ನು ನಾವಿಬ್ಬರೂ ಒಟ್ಟಿಗೇ ಕಲಿತಿದ್ದೆವು! ಹೇಳಿ, ಪರೀಕ್ಷಾ ಕೊಠಡಿಯಲ್ಲಿ, ಪರೀಕ್ಷೆಯ ಹೊತ್ತಿನಲ್ಲಿ, ಪ್ರಶ್ನೆಪತ್ರಿಕೆಯ ಸದ್ದಿಗೇ ಮಲಗಿದವಳಿಗಿಂತ ದೊಡ್ಡ ವಿದ್ಯಾರ್ಥಿನಿ ತಮಗೆ ಎಲ್ಲಿ ಸಿಕ್ಕಾಳು?

ಇದನ್ನೇ ವಿವರಿಸಲು ಕಳೆದ ತಿಂಗಳು ಮಗಳನ್ನು ಎತ್ತಿಕೊಂಡು ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಕೌಂಟರಿನ ಗುಮಾಸ್ತರು ನನ್ನ ಪ್ರಬಂಧದ ತಲೆಬರಹ ನೋಡಿ, “ಇದು ಮಕ್ಕಳ ಡಾಕ್ಟರಿಗೆ ತೋರಿಸೋ ಫೈಲಲ್ವಾಮ್ಮಾ?” ಅಂದರು. ನಾನು ಉತ್ತರ ಕೊಡಬೇಕಾಗಲಿಲ್ಲ. ಅವರು ಪ್ರಬಂಧವನ್ನು ಅದರ ಪ್ಲಾಸ್ಟಿಕ್ ಕವರಿನಿಂದ ಹೊರಗೆಳೆದರು; ಅಷ್ಟು ಹೊತ್ತು ಕಚೇರಿಯೇ ಕಿತ್ತುಹೋಗುವಂತೆ ಚೀರುತ್ತಿದ್ದ ದೊರೆಸಾನಿ ಥಟ್ಟನೆ ಸುಮ್ಮನಾಗಿ ನನ್ನ ಭುಜದ ಮೇಲೆ ಮಲಗಿದಳು. ನಾನೂ ಆಕಳಿಸಿ ಕೌಂಟರಿಗೆ ಒರಗಿದೆ. ಗುಮಾಸ್ತರು ಕವರನ್ನು ನೋಡಿದರು, ಮಗುವನ್ನು ನೋಡಿದರು, ಹಿಂದಿನ ಮೇಜಿನವರನ್ನು ಕೈಸನ್ನೆ ಮಾಡಿ ಕರೆದರು. ಆಮೇಲೆ ದನಿ ತಗ್ಗಿಸಿ ನನಗೆ ಅಂದರು: “ನಂಗೆ ಅರ್ಥ ಆಯ್ತಮ್ಮಾ. ಆದ್ರೆ ಸಾಹೇಬ್ರು ಬರೆದಾಗಿದೆ.”

ಅದಕ್ಕೇ ಈಗ ಸಾಹೇಬರಿಗೇ ಬರೆಯುತ್ತಿದ್ದೇನೆ.

ಒಂದು ವಿಷಯವನ್ನು ಮುಚ್ಚಿಡಬಾರದು. ನಾನು ಆಮೇಲೆ ಮಗಳಿಗೆ ಆ ಅಭ್ಯಾಸವನ್ನು ಬಿಡಿಸತೊಡಗಿದೆ. ಅನ್ನದ ತುತ್ತು ಬಾಯಲ್ಲಿಟ್ಟುಕೊಂಡು ಮಗು ಮಲಗುವುದನ್ನು ನೋಡಿದ ಮೇಲೆ ಎಲ್ಲಾದರೂ ಗಂಟಲಿಗೆ ಸಿಕ್ಕಿಕೊಂಡರೆ ಎಂದು ಹೆದರಿದೆ. ನಮ್ಮ ಉಪನ್ಯಾಸಕಿಯನ್ನು ಕೇಳಿದೆ. ಸದ್ದು ಬಂದರೂ ನಿದ್ದೆಯ ಸಂದರ್ಭ ಬರದಂತೆ ನೋಡಿಕೊಂಡರೆ ಬರಬರುತ್ತಾ ಮರೆಯಾಗುತ್ತದೆ ಎಂದರು. ಹಾಗಾಗಿ ಈಗ ಆಟದ ಹೊತ್ತಿನಲ್ಲಿ ಪರಪರ, ಸ್ನಾನದ ಹೊತ್ತಿನಲ್ಲಿ ಪರಪರ. ಅವಳು ಅದನ್ನು ಆಟಿಕೆ ಮಾಡಿಕೊಂಡು ನಗುತ್ತಾಳೆ. ಅವಳನ್ನು ಮಲಗಿಸಲು ನನಗಿದ್ದ ಒಂದೇ ದಾರಿಯನ್ನು ಹೀಗೆ ನನ್ನ ಕೈಯಾರೆ ಮುಚ್ಚಿದ್ದೇನೆ. ಇದೂ ಮನಶ್ಶಾಸ್ತ್ರವೇ ಸ್ವಾಮಿ. ಓದಿದ್ದನ್ನು ಬದುಕಿಗೆ ಅನ್ವಯಿಸಿ ಎಂದು ತಾವು ಕೇಳಿದಿರಿ; ಅನ್ವಯಿಸಿದವಳಿಗೆ ಇರುವ ಸ್ವಲ್ಪ ನಿದ್ದೆಯೂ ಹೋಯಿತು. ಮಗಳಿಗೆ ಬಿಟ್ಟುಹೋಗಿದೆ, ನನಗೆ ಇನ್ನೂ ಬಿಟ್ಟಿಲ್ಲ. ಅವಳನ್ನು ಆಡಿಸಲು ನಾನಿದ್ದೇನೆ. ನನ್ನನ್ನು ಆಡಿಸುವವರು ಪರೀಕ್ಷಾ ವಿಭಾಗದವರು ಮಾತ್ರ.

ಆದ್ದರಿಂದ ನನ್ನ ಬೇಡಿಕೆ. ಪ್ರಬಂಧವನ್ನು ಕೊನೆಯ ಪುಟದವರೆಗೆ ಓದಿ. ಓದಿದ ಮೇಲೂ ಅದು ವಿದ್ಯಾರ್ಥಿಯ ಜೀವನವಲ್ಲ ಎನಿಸಿದರೆ, ವಿದ್ಯಾರ್ಥಿ ಎಂದರೆ ಯಾರು, ಅವನಿಗೆ ಅಥವಾ ಅವಳಿಗೆ ಮನೆ ಇರಬಹುದೇ, ಮನೆಯಲ್ಲಿ ಮಗು ಇರಬಹುದೇ ಎಂದು ಲಿಖಿತವಾಗಿ ತಿಳಿಸಿ. ನಮ್ಮ ಬೆಂಚಿನ ಮೂವರೂ ಅದನ್ನು ಓದಲು ಕಾಯುತ್ತಿದ್ದಾರೆ. ಇಲ್ಲವಾದರೆ ಅಂಗೀಕರಿಸಿ ನನ್ನನ್ನು ಪರೀಕ್ಷೆಗೆ ಕೂರಿಸಿ. ಕೂರಿಸುವ ದಿನ ಇನ್ನೊಂದು ಉಪಕಾರ ಮಾಡಿ: ಪ್ರಶ್ನೆಪತ್ರಿಕೆಯ ಕಟ್ಟನ್ನು, ಮೊಹರು ನೋಡಲು ಯಾರಾದರೂ ಇಬ್ಬರನ್ನು ಕರೆದುಕೊಂಡು ಹೋಗಿ, ಹೊರಗಿನ ಪಡಸಾಲೆಯಲ್ಲಿ ಬಿಚ್ಚಿಸಿ. ಆ ಇಬ್ಬರಲ್ಲಿ ನಾನು ಬೇಡ.

ತಮ್ಮ ಉತ್ತರವನ್ನು ದಯವಿಟ್ಟು ಕಾಗದದ ಲಕೋಟೆಯಲ್ಲಿ ಕಳುಹಿಸಿ. ಅದನ್ನು ನಾನು ಎಚ್ಚರವಾಗಿದ್ದು ಓದಬೇಕೆಂದಿದ್ದೇನೆ.

ಇಂತಿ,
ಮಗು ಮಲಗಿದಾಗ ಮಾತ್ರ ವಿದ್ಯಾರ್ಥಿನಿ, ಸದ್ಯಕ್ಕೆ ಮಗು ಮಲಗಿಲ್ಲ