ಮಸ್ಕಿಯ ಹಾಲುಬಣ್ಣದ ಅಂಬಾಸಿಡರ್

ಸಿಂಧನೂರು
೧೪ ಡಿಸೆಂಬರ್ ೨೦೨೪, ಶನಿವಾರ

ಪ್ರೀತಿಯ ಅವ್ವಾ,

ಹೇಗಿದ್ದೀ? ನಿನ್ನ ಮೊಣಕಾಲು ಹೇಗಿದೆ? ದೀಪಿಕಾಳ ಬಾಣಂತನ ಮಾಡುತ್ತಾ ನಿನ್ನ ಗುಳಿಗೆ ಮರೆಯುತ್ತಿರಬೇಕು, ನನಗೆ ಗೊತ್ತು. ಕೂಸು ಹಗಲೆಲ್ಲ ಮಲಗಿ ರಾತ್ರಿ ನಿಮ್ಮನ್ನು ಕಾಡುತ್ತದೆಂದು ದೀಪಿಕಾ ಹೇಳಿದಳು. ಗಂಗಾವತಿಯಲ್ಲೂ ಈಗ ಚಳಿ ಇರಬೇಕು, ಇಬ್ಬರಿಗೂ ಕಿವಿ ಕಟ್ಟು. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನೀನೇ ಊಹಿಸಿಕೊಳ್ಳುತ್ತೀ. ಮೊನ್ನೆ ನಾನು "ಕಾರು ನೋಡಾಕ ಹೋಗಿದ್ವಿ" ಅಂದರೆ ನೀನು "ಸಾರಿಗೆ ಹುಣಸಿಹಣ್ಣು ಕಮ್ಮಿ ಹಾಕು, ನಿಮ್ಮಪ್ಪಗ ಆಗಂಗಿಲ್ಲ" ಅಂದೆ. ಅದಕ್ಕೇ ಈ ಕಾಗದ.

ಕಾರು ಅಂದರೆ ಅಂಬಾಸಿಡರ್, ಅವ್ವಾ. ನಮ್ಮದನ್ನು ಮಾರಿದ ಮೇಲೆ ಅಪ್ಪ ಒಂದು ದಿನವೂ ಅದರ ಹೆಸರೆತ್ತಲಿಲ್ಲ. ಆದರೆ ಬಸ್‌ಸ್ಟ್ಯಾಂಡಿನ ಕಡೆ ಎಲ್ಲಾದರೂ ಹಳೆಯ ಅಂಬಾಸಿಡರ್ ಕಂಡರೆ ಕೈಯಲ್ಲಿನ ಚಹಾ ಆರುವವರೆಗೆ ಅದರ ಸದ್ದು ಕೇಳುತ್ತ ನಿಲ್ಲುತ್ತಾನೆ. ಹಟ್ಟಿಯ ಗಣಿಯವರನ್ನು, ಮದುವೆಯ ಮಂದಿಯನ್ನು, ರಾಯಚೂರಿಗೆ ಒಯ್ಯುವ ರೋಗಿಗಳನ್ನು ಹೊತ್ತು ಅವನ ಪ್ರಾಯವೆಲ್ಲ ಆ ಸೀಟಿನಲ್ಲೇ ಕಳೆಯಿತಲ್ಲ. ದೀಪಿಕಾ ಹುಟ್ಟಿದ ದಿನ ನಿನ್ನನ್ನು ಸಾಲಗುಂದದಿಂದ ದವಾಖಾನೆಗೆ ಕರೆತಂದದ್ದು ನನಗೆ ಮಸುಕು ಮಸುಕಾಗಿ ನೆನಪಿದೆ. ನಿನಗೆ ಜರ್ಕು ಹೊಡೆಯಬಾರದೆಂದು ಅಪ್ಪ ಆಮೆಯ ಹಾಗೆ ಹೊಡೆಯುತ್ತಿದ್ದ, ನೀನು ನನ್ನ ಕೈ ಹಿಚುಕುತ್ತ "ಲಗೂ ಹೊಡೀರಿ, ಇಲ್ಲೇ ಹಡಿಲೇನು?" ಎಂದು ಒದರುತ್ತಿದ್ದೆ.

ಶಾಲೆಯಲ್ಲಿ ನನ್ನ ನೌಕರಿ ಖಾಯಂ ಆದಾಗಲೇ ಅಂಥದ್ದೊಂದು ಕೊಳ್ಳಬೇಕೆಂದು ಮನಸ್ಸಿನಲ್ಲಿತ್ತು. ಹತ್ತಿ ವ್ಯಾಪಾರಿ ಮಕ್ತುಮ್‌ಸಾಬರು ತೀರಿಹೋದ ಮೇಲೆ ಅವರ ಕಾರು ಮಸ್ಕಿಯ ಮನೆಯಲ್ಲಿ ಹಾಗೇ ನಿಂತಿದೆ, ಮಗ ಆಸೀಫ್ ಮಾರುತ್ತಾನೆ ಎಂದು ಸುದ್ದಿ ಬಂತು. ಅಪ್ಪನಿಗೆ ಹೇಳಿದೆ. ಮೊದಲು "ಮುದಿ ಗಾಡಿ ಕಟಗೊಂಡು ಏನ್ ಮಾಡ್ತೀಬೇ" ಅಂದ. ಭಾನುವಾರ ಬೆಳಿಗ್ಗೆ ನಾನು ಏಳುವ ಮೊದಲೇ ಇಸ್ತ್ರಿ ಅಂಗಿ ತೊಟ್ಟು, ಹಳೆಯ ರೇಡಿಯೋದಿಂದ ಕಿತ್ತ ಅಯಸ್ಕಾಂತವನ್ನು ಅರಿವೆಯಲ್ಲಿ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

ಮಸ್ಕಿಯಲ್ಲಿ ಹಾಲಿನ ಬಣ್ಣದ ಆ ಕಾರು ನೋಡಿದೊಡನೆ ನಾನು ಕರಗಿಹೋದೆ. ನಮ್ಮದರ ಹಾಗೆಯೇ ಸ್ಟೇರಿಂಗಿನ ಪಕ್ಕ ಗೇರು, ಒಳಗೆ ಹಳೆಯ ರೆಗ್ಜಿನ್ನಿನ ವಾಸನೆ. ಅಪ್ಪ ಮಾತ್ರ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬಿಸಿ ಇತ್ತು. "ಆಸೀಫ್, ನಾವು ಬರೂಕಿಂತ ಮೊದಲ ಯಾಕ ಶುರು ಮಾಡಿದ್ಯಪಾ?" ಎಂದು ಕೇಳಿದ. ಹುಡುಗ ಧೂಳು ಗೀಳು ಎಂದು ಏನೋ ಹೇಳಹೊರಟ. ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಸರ್ದಾರಬಿ ಕೇಳಿಸಿಕೊಂಡುಬಿಟ್ಟರು. "ಸುಳ್ಳ್ಯಾಕ ಹೇಳ್ತಿಲೇ? ತಣ್ಣಗಿದ್ದಾಗ ಶುರು ಆಗಾಕ ತಕರಾರು ಮಾಡ್ತದ ಅಂತ ಹೇಳು. ನಿಮ್ಮಪ್ಪನ ಗಾಡಿ ಸುಳ್ಳು ಹೇಳಿ ಮಾರೂದಾದ್ರ ಇಲ್ಲೇ ಮಣ್ಣಾಗಲಿ. ಅಣ್ಣಾರ, ಕುಂದರ್ರಿ. ಆರಲಿ, ಆಮ್ಯಾಲೆ ನೋಡ್ರಿ."

ಹಾಗೆ ನಾವು ಮಧ್ಯಾಹ್ನದವರೆಗೂ ಅವರಲ್ಲೇ ಉಳಿದೆವು. ಇಂಜಿನ್ ಆರುವವರೆಗೆ ಅಪ್ಪ ಸುಮ್ಮನೆ ಕೂರಲಿಲ್ಲ. ಅಯಸ್ಕಾಂತವನ್ನು ಬಾಗಿಲುಗಳ ಕೆಳಗೆ, ಚಕ್ರದ ಮೇಲಿನ ತಗಡಿಗೆ ಹಿಡಿಯುತ್ತ ಹೋದ; ತುಕ್ಕು ತಿಂದ ಕಡೆ ಪುಟ್ಟಿ ಮೆತ್ತಿದ್ದರೆ ಅದು ಅಂಟದೆ ಜಾರುತ್ತದೆ. ಒಂದೇ ಕಡೆ ಜಾರಿತು. ಕಾಲ ಕೆಳಗಿನ ಹಾಸು ಎತ್ತಿ ನೆಲವನ್ನು ಬೆರಳಿನಿಂದ ಒತ್ತಿ ನೋಡಿದ. ರೇಡಿಯೇಟರಿನ ಮುಚ್ಚಳ ತೆಗೆಸಿ "ನೀರಿನ ಮ್ಯಾಲೆ ಎಣ್ಣಿ ತೇಲತೈತೇನು ನೋಡು" ಎಂದ. ಇಂಜಿನ್ ನಂಬರು, ಚಾಸಿಯ ನಂಬರು ಎರಡನ್ನೂ ನನ್ನಿಂದಲೇ ಓದಿಸಿ ಆರ್‌.ಸಿ.ಯೊಂದಿಗೆ ತಾಳೆ ಮಾಡಿಸಿದ. ನನಗೆ ಕಲಿಸುತ್ತಿದ್ದಾನೆಂದು ಹಿಗ್ಗಿದೆ. ತುರ್ವಿಹಾಳದ ಕಾಲುವೆ ದಂಡೆಯ ಮೇಲೆ ಡ್ರೈವಿಂಗ್ ಕಲಿಸುವಾಗಲೂ ಹೀಗೇ ತಾನು ಕೈ ಕಟ್ಟಿ ಕೂತು ಎಲ್ಲ ನನ್ನಿಂದಲೇ ಮಾಡಿಸುತ್ತಿದ್ದ, ನೀನು ಬದುವಿನ ಮೇಲೆ ನಿಂತು ದೇವರನ್ನೆಲ್ಲ ಕರೆಯುತ್ತಿದ್ದೆ.

ಚೋಕ್ ಎಳೆದು ಶುರು ಮಾಡಿದಾಗ ಕಾರು ನಿಜಕ್ಕೂ ತಕರಾರು ಮಾಡಿತು. ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಹಿಡಿದ ಮೇಲೆ ಮಾತ್ರ ಒಂದೇ ಸಮ ಓಡಿತು. ಅಪ್ಪ ಕಣ್ಣು ಮುಚ್ಚಿ ಕೇಳಿದ. "ಹೊಗಿ ಯಾವ ಬಣ್ಣ?" ಎಂದು ನನ್ನನ್ನೇ ಕೇಳಿದ. ಮೊದಲು ಸ್ವಲ್ಪ ಬಿಳುಪು, ಆಮೇಲೆ ಏನೂ ಇಲ್ಲ ಅಂದೆ. "ನೀಲಿ ಇಲ್ಲಲ್ಲ? ಹಂಗಾದ್ರ ಎಣ್ಣಿ ಕುಡ್ಯಾಂಗಿಲ್ಲ. ನಡಿ, ಲಿಂಗಸುಗೂರು ರೋಡಿಗೆ ಒಯ್ಯೂಣು."

ಸರ್ದಾರಬಿ ಚಾಚಿ ಸೆರಗು ಹೊದ್ದು ತಾವೂ ಬಂದರು. ಗಂಡ ಹೋದ ಮೇಲೆ ಅದರೊಳಗೆ ಕೂತಿಲ್ಲವಂತೆ. ಹಿಂದಿನ ಸೀಟಿನ ಎಡಬದಿಗೆ ಕೂತು "ಇದು ನನ್ನ ಜಾಗ ನೋಡವ್ವ" ಎಂದರು. ದಾರಿಯುದ್ದಕ್ಕೂ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು. ಗಾಡಿ ಹೊಡೆಯುತ್ತಿದ್ದ ಅಪ್ಪ ಏರಿನಲ್ಲಿ ಗೇರು ಜಾರುತ್ತದೆಯೇ, ಕೈ ಸಡಿಲ ಬಿಟ್ಟರೆ ಸ್ಟೇರಿಂಗು ಒಂದೇ ಕಡೆ ಎಳೆಯುತ್ತದೆಯೇ ಎಂದು ನೋಡುತ್ತ, ಮೆಲ್ಲಗೆ ಏನೋ ಗುನುಗುತ್ತಿದ್ದ. ಅವನು ಗುನುಗಿ ಎಷ್ಟು ವರ್ಷವಾಗಿತ್ತು ಅವ್ವಾ! ಅಷ್ಟರಲ್ಲಿ ಎಡಗಡೆಯ ಜಾಲಿ ಗಿಡಗಳ ಸಂದಿಯಿಂದ ಕುರಿಹಿಂಡು ರಸ್ತೆಗೆ ಇಳಿಯಿತು. ನಾನೂ ಚಾಚಿಯೂ ಒಟ್ಟಿಗೆ ಚೀರಿದೆವು. ಅಪ್ಪ ಬ್ರೇಕ್ ಒತ್ತಿದ. ಮುಂದಿನ ಕುರಿಯ ಮೂತಿಗೆ ಬಂಪರ್ ತಾಗುವಷ್ಟರಲ್ಲಿ ಕಾರು ನಿಂತಿತು. "ಬ್ರೇಕ್ ಚಲೋ ಅದಾವು" ಎಂದ ಅಪ್ಪ. ಆಮೇಲೆ ಇಳಿದು ಬಂದು ನನ್ನ ಕಡೆಯ ಬಾಗಿಲು ತೆಗೆದು ಕೀಲಿ ಕೊಟ್ಟ. "ಇನ್ನ ನೀ ಹೊಡಿ. ನನಗ ದಣಿವಾಗೈತಿ."

ಅಲ್ಲಿಂದ ಮಸ್ಕಿಗೆ ನಾನೇ ತಂದೆ. ಚಾಚಿ ಇಳಿಯುವ ಮುಂಚೆ ಸೀಟನ್ನು ಒಮ್ಮೆ ಸವರಿದರು. ಅಂಗಳದಲ್ಲಿ ಅಪ್ಪ "ಗಾಡಿ ಮುದುಕ ಆಗೈತಿ ತಂಗಿ, ಮೋಸಗಾರ ಅಲ್ಲ. ನಾವು ತಗೋತೀವಿ" ಎಂದ. ಅವರು ಅಳುತ್ತಲೇ ನಕ್ಕರು. ಈಗ ಕಾರು ನಮ್ಮ ಬೇವಿನ ಮರದ ಕೆಳಗಿದೆ. ಹೆಸರು ಬದಲಾವಣೆಯ ಅರ್ಜಿ ಕೊಟ್ಟಾಗಿದೆ. ದಿನಾ ಮುಂಜಾನೆ ಓಣಿಯ ಮಂದಿಗೆಲ್ಲ ಅದರ ಕೆಮ್ಮು ಕೇಳಿಸುತ್ತದೆ, ಯಾರೂ ಬೈಯುತ್ತಿಲ್ಲ.

ದೀಪಿಕಾಳಿಗೆ ನನ್ನ ಪ್ರೀತಿ, ಅವಳ ಅತ್ತೆ ಮಾವನಿಗೆ ಶರಣು, ಕೂಸಿನ ಎರಡೂ ಕೆನ್ನೆಗೆ ದೊಡ್ಡವ್ವನ ಮುತ್ತು. ನಿನ್ನ ಪಾದಕ್ಕೆ ನನ್ನ ನಮಸ್ಕಾರ.

ನಿನ್ನ ಮಗಳು,
ಅಶ್ವಿನಿ

ತಾ.ಕ.: ಲಕೋಟೆ ಅಂಟಿಸಬೇಕೆಂದಿದ್ದೆ, ಮನಸ್ಸು ತಡೆಯಲಿಲ್ಲ. ಅಪ್ಪನಿಗೆ ಆ ಕುರಿಗಳು ಕಾಣಿಸಿರಲೇ ಇಲ್ಲ ಅವ್ವಾ. ನಾವು ಚೀರಿದ್ದು ಕೇಳಿ ಬ್ರೇಕ್ ಒತ್ತಿದ್ದು. ಮರುದಿನ ದವಾಖಾನೆಯಲ್ಲಿ ತೋರಿಸಿದೆ; ಎಡಗಣ್ಣಿಗೆ ಪೊರೆ ಬಲಿತಿದೆ, ಬಲಗಣ್ಣಿಗೂ ಶುರುವಾಗಿದೆ. ನಂಬರು, ಹೊಗೆ ಎಲ್ಲ ನನ್ನಿಂದ ಏಕೆ ನೋಡಿಸಿದನೆಂದು ಈಗ ತಿಳಿಯಿತು. ಗುರುವಾರ ಇಲ್ಲೇ ಆಪರೇಶನ್, ಹೆದರುವಂಥದ್ದಲ್ಲ ಎಂದಿದ್ದಾರೆ ಡಾಕ್ಟರು. ಬಾಣಂತಿಯನ್ನು ಬಿಟ್ಟು ಓಡಿ ಬರುತ್ತೀ ಎಂದು ನಿನಗೆ ತಿಳಿಸದಂತೆ ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಈಗ ತಾನೇ ಬಂದು, ನಾನು ಬರೆಯುವುದನ್ನು ನೋಡಿ, ಬಾಗಿಲಲ್ಲೇ ನಿಂತು ಹೇಳಿದ: "ಬರಿ, ನಿಮ್ಮವ್ವಗ ಬರಿ. ಪಟ್ಟಿ ಬಿಚ್ಚಿದಾಗ ಮೊದಲ ಡಾಕ್ಟರ್ ಮುಖ ನೋಡೂದು ನನಗ ಬ್ಯಾಡ." ನಾಲ್ಕು ದಿನದ ಮಟ್ಟಿಗೆ ಬಾ ಅವ್ವಾ. ದೀಪಿಕಾಳ ಅತ್ತೆಗೆ ನಾನು ಹೇಳುತ್ತೇನೆ.