ನಿಯಾಜನ ಕಂಬದ ಮೆಟ್ಟಿಲು

ಜೂನ್ 3, ಬಸವನ ಬಾಗೇವಾಡಿ
ಚಹಾ, ಮೊಣಕಾಲಿಗೆ ಎಣ್ಣೆ, ರೇಡಿಯೊ. ಎಂದಿನಂತೆ. ನಮ್ಮ ಹ್ಯಾಮ್ ರೇಡಿಯೊ ಹವ್ಯಾಸಿಗಳ ವಾಟ್ಸಾಪ್ ಗ್ರೂಪಿನಲ್ಲಿ ತಾಳಿಕೋಟೆಯ ನಿಯಾಜ ಫೋಟೊ ಹಾಕಿದ್ದಾನೆ — ಆಂಟೆನಾ ಕಂಬಕ್ಕೆ ತಾನೇ ಮಾಡಿದ ಮೆಟ್ಟಿಲು. ಕಬ್ಬಿಣದ ಸಳಿ ಬಗ್ಗಿಸಿ, ಕ್ಲಾಂಪಿಗೆ ವೆಲ್ಡ್ ಮಾಡಿ, ಎಡಕ್ಕೊಂದು ಬಲಕ್ಕೊಂದು ಬಿಗಿದಿದ್ದಾನೆ. ಸೊಂಟಕ್ಕೆ ಬೆಲ್ಟ್. ತುದಿಯಲ್ಲಿ ನಿಂತು ಹಲ್ಲು ಕಿರಿದಿದ್ದಾನೆ. ಎಲ್ಲರೂ ಶಾಬಾಸ್, ಶಾಬಾಸ್! ಅವನನ್ನು ಲೈಸೆನ್ಸ್ ಪರೀಕ್ಷೆಗೆ ಓದಿಸಿದವನು ನಾನು. ನನ್ನ ಹೆಸರು ಒಬ್ಬನೂ ಎತ್ತಲಿಲ್ಲ.

ಮುಕ್ತಾ ಫೋಟೊ ನೋಡಿ, "ಎಷ್ಟ್ ಶಾಣ್ಯಾ ಅದಾನ್ರಿ! ನೀವ್ಯಾಕ ಹಿಂಗ ಮಾಡಲಿಲ್ಲ?" ಅಂದಳು. ಹೆಂಡತಿಯಾ ಇವಳು? ಊಟ ಸೇರಲಿಲ್ಲ.

ಜೂನ್ 5
ಯಾರು ಓದುತ್ತಾರೆ, ಬರೆದೇ ಬಿಡುತ್ತೇನೆ — ಹೊಟ್ಟೆಕಿಚ್ಚು. ಇಂಡಿ, ಸಿಂದಗಿ, ಮುದ್ದೇಬಿಹಾಳ... ಎಲ್ಲರ ಬಾಯಲ್ಲೂ ನಿಯಾಜನ ಸಿಗ್ನಲ್. ನನ್ನ ಆಂಟೆನಾ ಮಾಳಿಗೆಯ ಮೇಲೆ ವಾಲಿ ನಿಂತಿದೆ. ಏರಲು ಕಾಲಲ್ಲಿ ಬಲವಿಲ್ಲ.

ಜೂನ್ 6
ನಿಯಾಜ ರೇಡಿಯೊದಲ್ಲಿ ಕರೆದ. "ಬ್ಯಾರೆಯವರ ಮಾತು ಬಿಡ್ರಿ ಸರ್ರ. ನೀವು ಹೇಳಿದ್ರ ಖರೆ. ಹೆಂಗ ಕೇಳಸ್ತೈತಿ?"

ಎದುರಿಗೇ ಕೂತು ಮಾತಾಡಿದಷ್ಟು ಸ್ಪಷ್ಟ. ಫೈವ್-ನೈನ್ ಕೊಡಬೇಕಿತ್ತು, ಪೂರ್ತಿ ಮಾರ್ಕ್ಸ್. ತ್ರೀ-ತ್ರೀ ಕೊಟ್ಟೆ. "ಬಾಳ ಗೊರಗೊರ ಅಂತೈತಪಾ. ಅರ್ಧ ತಿಳೀವಲ್ತು."

"ಆಂಟೆನಾದಾಗ ಏನರ ಕಸರ ಇರಬೇಕ್ರಿ. ಏರಿ ನೋಡ್ತೇನಿ."

ಮಧ್ಯಾಹ್ನ ಒಂದು ರೊಟ್ಟಿ ಹೆಚ್ಚೇ ತಿಂದೆ.

ಜೂನ್ 11
ದಿನಾ ಏರುತ್ತಾನೆ. ದಿನಾ ಕೇಳುತ್ತಾನೆ. ದಿನಾ ತ್ರೀ-ತ್ರೀ. ಇನ್ನೂ ಸ್ವಲ್ಪ ಪಶ್ಚಿಮಕ್ಕೆ ತಿರುಗಿಸು ಅಂತ ಸಲಹೆ ಬೇರೆ. ಗ್ರೂಪಿನಲ್ಲಿ ಅವನೇ ಬರೆದ — ಸರ್ ಹೇಳಿದ್ದಾರೆ, ನನ್ನದೇ ತಪ್ಪು. ಶಾಬಾಸ್‌ಗಳು ನಿಂತವು. ಹಾಯೆನಿಸಿತು.

ಜೂನ್ 19
ಜೋರು ಗಾಳಿ. ಮಾಳಿಗೆಯ ತಗಡು ಬಡಿಯುತ್ತಿದೆ. ರೇಡಿಯೊ ಹಚ್ಚಿದರೆ ನಿಯಾಜನ ಹೆಂಡತಿ ಅಲ್ಮಾಸ.

"ಸರ್ರ, ಇವರು ಕಂಬ ಏರ್ಯಾರ್ರಿ! ಮ್ಯಾಲಿನ ಕ್ಲಾಂಪ್ ಜಾರಾಕತ್ತೈತಿ. ಸರ್ ಫೈವ್-ನೈನ್ ಅನ್ನೂತನಕ ಇಳಿಯಂಗಿಲ್ಲ ಅಂತಾರ. ನೀವರ ಹೇಳ್ರಿ."

ಮೈಕ್ ಒತ್ತಿ ಕೂಗಿದೆ. "ಫೈವ್-ನೈನ್ ಐತಿ! ಇಳಿ ಅನ್ನವ್ವಾ ಅವಗ!"

ಅಂಗಳಕ್ಕೆ ಹೋಗಿ ಬಂದಳು. ಅಳುತ್ತಿದ್ದಾಳೆ. "ನಂಬವಲ್ರು. ತಮ್ಮ ಮ್ಯಾಲಿನ ಕಾಳಜಿಗೆ ಸರ್ ಸುಳ್ಳು ಹೇಳಾಕತ್ತಾರ ಅಂತಾರ. ಇನ್ನೂ ಮ್ಯಾಲೆ ಹೊಂಟಾರ್ರಿ..."

ಥೂ ನನ್ನ! ಮತ್ತೆ ಒತ್ತಿದೆ. "ಇವತ್ತಿಂದು ಸುಳ್ಳಲ್ಲ ಯವ್ವಾ. ಇಷ್ಟು ದಿನಾ ಹೇಳಿದ್ದು ಸುಳ್ಳು. ಹೊಟ್ಟಿಕಿಚ್ಚಿಗೆ ಹೇಳೇನಿ ಅನ್ನು. ಓಡು!"

ಅವಳು ಓಡಿರಬೇಕು. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಮುಕ್ತಾ ಬಾಗಿಲಲ್ಲಿ ನಿಂತಿದ್ದಾಳೆ. ಎಲ್ಲ ಕೇಳಿದ್ದಾಳೆ.

ರೇಡಿಯೊ ಕರ್ರ್ ಅಂತು. ನಿಯಾಜನದೇ ದನಿ. ಇಳಿದಿದ್ದಾನೆ... ದೇವರೇ, ಇಳಿದಿದ್ದಾನೆ. ಏದುಸಿರು.

"ಸರ್ರ... ಇಷ್ಟು ದಿನಾ ನನ್ನ ಮಾತು ನಿಮಗ ಚಂದ ಕೇಳಸ್ತಿತ್ತೇನ್ರಿ?"

ಮೈಕ್ ಕೈಯಲ್ಲಿದೆ. ಒತ್ತಿದರೆ ಹೌದು ಅನ್ನಬೇಕು. ಒತ್ತದಿದ್ದರೆ ನಾಳೆ ಅವನು ಮತ್ತೆ ಕಂಬ ಏರುತ್ತಾನೆ.