ಇಂಜಿನ್ನಿನ ಕೋಟು ಬಿಚ್ಚಿದ ದಿನ

ಮನೆ, ಮೇ ೧೨
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಯಜಮಾನರಿಗೆ,

ಪೊರೆ ತೆಗೆಸಿಕೊಂಡ ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದರಂತೆ, ಕೆಂಪು ಇಳಿದಿದೆಯಂತೆ, ಮಗಳು ಹೇಳಿದಳು. ನೀವು ಮಾತ್ರ ಫೋನ್ ಮಾಡಿದಾಗಲೆಲ್ಲ ಬಾಯ್ಲರಿನ ಸಮಾಚಾರ ಕೇಳುತ್ತೀರೇ ಹೊರತು ಕಣ್ಣಿನ ಮಾತೆತ್ತುವುದಿಲ್ಲ. ಹನಿ ಮದ್ದು ಹಾಕುವಾಗ ಕೂಸಿನ ಹಾಗೆ ತಲೆ ಕೊಡವುತ್ತೀರಂತೆ. ಮಗಳೇ, ಈ ಕಾಗದವನ್ನು ಅಪ್ಪನಿಗೆ ಓದಿ ಹೇಳುವವಳು ನೀನೇ ಅಂತ ಗೊತ್ತು. ಬೈಗುಳ ಬಂದ ಕಡೆ ದನಿ ಇಳಿಸಬೇಡ.

ಇಂಜಿನ್ನು ಪಾಸಾಯಿತು ಅಂತ ನಿನ್ನೆ ಒಂದೇ ಮಾತು ಹೇಳಿ ಫೋನ್ ಇಟ್ಟದ್ದು ಬೇಕೆಂದೇ. ಪೂರ್ತಿ ಕಥೆ ಹೇಳಹೊರಟರೆ ನೀವು ನಡುವೆ ಬಾಯಿ ಹಾಕಿ ನನ್ನನ್ನು ಹಳಿ ತಪ್ಪಿಸುತ್ತೀರಿ. ಈಗ ಕೇಳಿ. ನೀವು ನೌಕರಿಯುದ್ದಕ್ಕೂ ಓಡಿಸಿದ ಆ ರೈಲಿನ ಉಗಿ ಇಂಜಿನ್ನು ಈ ಸಲದ ಬಾಯ್ಲರ್ ಪರೀಕ್ಷೆಯಲ್ಲಿ ಸೋತರೆ ಕತ್ತರಿಸಿ ಗುಜರಿಗೆ ಹಾಕುತ್ತೇವೆ ಅಂತ ಶೆಡ್ಡಿನ ಮಾಲೀಕರು ಹೇಳಿಯೇ ಇದ್ದರಲ್ಲ. ಅದಕ್ಕೇ ನಿಮ್ಮ ಜೊತೆ ಅದನ್ನು ನೋಡಿಕೊಳ್ಳುವ ಸ್ನೇಹಿತರಿಬ್ಬರೂ, ಡ್ರಾಯಿಂಗ್ ಮೇಷ್ಟ್ರು ಮತ್ತು ಬೇಕರಿಯವರು, ಪರೀಕ್ಷೆಗೆ ಬರುವವರ ಮನಸ್ಸು ಗೆಲ್ಲಬೇಕೆಂದು ವಾರವಿಡೀ ಅದನ್ನು ಸಿಂಗರಿಸಿದರು. ಬಾಯ್ಲರಿನ ಸುತ್ತ ಹೊದಿಕೆಯ ತಗಡು ಮುಚ್ಚಿ, ತಿರುಪು ಬಿಗಿದು, ಕಡುಹಸಿರು ಬಣ್ಣ ಹೊಡೆದರು. ಮೇಷ್ಟ್ರು ಉಸಿರು ಬಿಗಿಹಿಡಿದು ಅದರ ಮೇಲೆ ಕೆಂಪು ಗೆರೆ ಎಳೆದರು. ತಿರುಪಿನ ತಲೆಯೂ ಕಾಣದಷ್ಟು ಬಣ್ಣ! ನಾನೂ ಸೀಟಿಯ ಹಿತ್ತಾಳೆಯನ್ನು ಹುಳಿ ಹಾಕಿ ಉಜ್ಜಿದೆ. ಸವತಿಗೆ ಸಿಂಗಾರ ಮಾಡುವ ಹಣೆಬರಹ ನನ್ನದು.

ಇನ್‌ಸ್ಪೆಕ್ಟರ್ ಮೇಡಂ ಬಂದು ಇಂಜಿನ್ನಿಗೆ ಒಂದು ಸುತ್ತು ಹಾಕಿದರು. "ಬಹಳ ಚೆನ್ನಾಗಿದೆ ಸಾರ್" ಅಂದರು. ಮೇಷ್ಟ್ರ ಮುಖ ಊರಗಲವಾಯಿತು. "ಈಗ ಇದೆಲ್ಲ ಬಿಚ್ಚಿ. ನಾನು ನೋಡ್ಬೇಕಾದ್ದು ಒಳಗಿರೋ ಬಾಯ್ಲರನ್ನ." ಎದೆ ಪರೀಕ್ಷೆಗೆ ಡಾಕ್ಟರು ಬಂದರೆ ರೋಗಿಗೆ ಕೋಟು ತೊಡಿಸಿ, ಗುಂಡಿಗಳ ಮೇಲೆ ಹೊಲಿಗೆಯನ್ನೂ ಹಾಕಿ ಕೂರಿಸಿದ ಹಾಗಾಗಿತ್ತು ನಮ್ಮ ಕೆಲಸ! ಪಾಪ, ಮೇಷ್ಟ್ರು ತಾವೆಳೆದ ಗೆರೆಯನ್ನು ತಾವೇ ಕೆರೆದು ತಿರುಪು ಹುಡುಕಿದರು. "ಮಗಳನ್ನ ಗಂಡನ ಮನೆಗೆ ಕಳಿಸೋರ ಥರ ಮುಖ ಮಾಡ್ಬೇಡಿ ಮೇಷ್ಟ್ರೇ" ಅಂತ ಬೇಕರಿಯವರು ರೇಗಿಸಿದರೆ, "ಸುಮ್ನೆ ಸ್ಪ್ಯಾನರ್ ಕೊಡ್ರೀ, ಇದು ಬನ್ನು ಬೇಯಿಸಿದ ಹಾಗಲ್ಲ" ಅಂತ ಸಿಡುಕಿದರು.

ತಗಡು ಕಳಚಿ, ಬಾಯ್ಲರಿನ ತುಂಬ ತಣ್ಣೀರು ತುಂಬಿಸಿ, ಬೇಕರಿಯವರು ಕೈಪಂಪು ಒತ್ತತೊಡಗಿದರು. ಒತ್ತಡ ತೋರಿಸುವ ಮುಳ್ಳು ಮೇಲೇರಿ ಗುರುತಿನ ಗೆರೆಗೆ ನಿಂತಿತು. ಮೇಡಂ ಟಾರ್ಚ್ ಹಿಡಿದು ಬಗ್ಗಿದರು. ಅಲ್ಲೊಂದು ರಿವೆಟ್ಟು ಮೊಳೆಯ ಪಕ್ಕ ಹನಿ! ನೋಡುನೋಡುತ್ತ ದಪ್ಪಗಾಗಿ ಟಪ್ಪನೆ ಬಿತ್ತು. ನಿಮಗೆ ಇದನ್ನು ಯಾವ ಬಾಯಲ್ಲಿ ಹೇಳಲಿ ಅಂತ ನಿಂತಲ್ಲೇ ಮಾತು ಹುಡುಕತೊಡಗಿದೆ. ಮೇಡಂ ಆ ಜಾಗವನ್ನು ಬಟ್ಟೆಯಿಂದ ಒರೆಸಿ ಕಾದರು. ಮುಳ್ಳು ಕದಲಲಿಲ್ಲ. ಅಷ್ಟರಲ್ಲಿ ರಿವೆಟ್ಟೇ ಇಲ್ಲದ ಕಡೆಯೂ ಸಣ್ಣ ಹನಿಗಳು ಎದ್ದವು. "ಸೋರ್ತಾ ಇಲ್ಲ. ಒಳಗೆ ತಣ್ಣೀರು, ಹೊರಗೆ ಸೆಕೆ. ಕಬ್ಬಿಣ ಬೆವರಿದೆ ಅಷ್ಟೆ" ಎಂದವರೇ ಅದೇ ಬಟ್ಟೆಯನ್ನು ಮೇಷ್ಟ್ರ ಕಡೆ ಚಾಚಿ, "ನೀವೂ ಒರೆಸ್ಕೊಳ್ಳಿ ಸಾರ್" ಅಂದರು. ಮೇಷ್ಟ್ರು ಒರೆಸಿಕೊಂಡರು, ಮುಖವೆಲ್ಲ ಮಸಿ. ನಾವು ನಕ್ಕ ನಗೆಗೆ ಶೆಡ್ಡಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ಮನೆಗೆ ಬಂದವಳು ಹಾಗೇ ಉರುಳಿಕೊಂಡು ನಿದ್ದೆ ಹೋದೆ. ಅಂಥ ನಿದ್ದೆ ನೀವು ಮಗಳ ಮನೆಗೆ ಹೋದಂದಿನಿಂದ ಬಂದಿರಲಿಲ್ಲ.

ಮಗಳಿಗೂ ಅಳಿಯಂದಿರಿಗೂ ಆಶೀರ್ವಾದ. ನಿಮಗೆ ನನ್ನ ನಮಸ್ಕಾರ, ಮಸಿ ತೊಳೆದುಕೊಂಡ ಮೇಷ್ಟ್ರದೂ ಬೇಕರಿಯವರದೂ ಸೇರಿಸಿ.

ಇಂತಿ,
ನಿಮ್ಮವಳು

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ: ಹೊರಡುವಾಗ ಮೇಡಂ, "ಇದನ್ನ ಓಡಿಸೋರು ಯಾರು?" ಅಂತ ಕೇಳಿದರು. ನಮ್ಮ ಮನೆಯವರು ಅಂದೆ. "ಎರಡೂ ಕಣ್ಣು ಸರಿಯಿದೆ ಅಂತ ಸರ್ಟಿಫಿಕೇಟ್ ತರ್ಲಿ" ಅಂದರು. ಇನ್ನೊಂದು ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡೇ ಹೋಗಿ ಅಂತ ಡಾಕ್ಟರು ಹೇಳಿದ್ದಕ್ಕೆ, "ಒಂದು ಸಾಕು, ನಾನು ಹೊರಟೆ" ಅಂದಿರಂತೆ. ಯಾತರ ಅವಸರ ಅಂತ ನನಗೆ ಗೊತ್ತಿತ್ತು. ಈಗ ಆ ಅವಸರವಿಲ್ಲ. ಬಾಯ್ಲರಿಗೆ ಬೆಂಕಿ ಹಾಕುವುದು ನೀವು ಬಂದ ಮೇಲೆಯೇ ಅಂತ ಮೂವರೂ ಒಪ್ಪಿಕೊಂಡಿದ್ದೇವೆ. ಮಗಳೇ, ಓದಿ ಮುಗಿಯಿತಲ್ಲ, ಅಪ್ಪ ಬಾಯಿ ತೆರೆಯುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡು.